ಹನ್ನೊಂದು ಮನೆಯ ನೋವು

ನಮ್ಮ ಊರಿನಲ್ಲಿ ಯಾರಿಗಾದರೂ ನೋವಾದರೆ ಒಲೆಯ ಮೇಲಿನ ಹಾಲು ಒಡೆಯುತ್ತದೆ. ಹಲ್ಲುನೋವಾದರೆ ಸ್ವಂತ ಅಡುಗೆಮನೆಯ ಹಾಲು, ಕೈ ಮುರಿದರೆ ಅಕ್ಕಪಕ್ಕದ್ದೂ ಸೇರಿ ಮೂರು ಮನೆಯ ಹಾಲು, ಹೆರಿಗೆ ನೋವು ಬಂದರೆ ಇಡೀ ಬೀದಿಯದು. ಬಸುರಿಗೆ ಒಂಬತ್ತು ತುಂಬುತ್ತಿದ್ದ ಹಾಗೆ ಬೀದಿಯವರು ಪಾತ್ರೆ ಎತ್ತಿಕೊಂಡು ನೆಂಟರ ಮನೆಗೆ ಹೋಗಿ ಹಾಲು ಕಾಯಿಸಿಕೊಂಡು ಬರುತ್ತಾರೆ. ನೋವನ್ನು ಅಳೆಯುವುದೂ ಇಲ್ಲಿ ಮನೆಯ ಲೆಕ್ಕದಲ್ಲೇ. ಡಾಕ್ಟರ ಹತ್ತಿರ ಹೋದರೆ ನಾಲಿಗೆ ತೋರಿಸು ಅನ್ನುವುದಕ್ಕೆ ಮೊದಲು "ಎಷ್ಟು ಮನೆ?" ಎಂದು ಕೇಳುತ್ತಾರೆ. ಒಂದು ಮನೆ ಅಂದರೆ ಎರಡು ಮಾತ್ರೆ ಕೊಟ್ಟು ಕಳಿಸುತ್ತಾರೆ. ನಾಲ್ಕು ಅಂದರೆ ಕನ್ನಡಕ ಸರಿಮಾಡಿಕೊಂಡು ಮುಖ ನೋಡುತ್ತಾರೆ.

ನಮ್ಮ ಅತ್ತೆ ಪುಟ್ಟಗೌರಮ್ಮನವರದು ಹನ್ನೊಂದು ಮನೆಯ ನೋವು. ಹೆರಿಗೆ ಬಿಟ್ಟರೆ ಊರಿನಲ್ಲಿ ಅಷ್ಟು ದೊಡ್ಡ ನೋವು ಇನ್ನೊಂದಿರಲಿಲ್ಲ. ಬಲಗಾಲಿನ ಮಂಡಿ ಅವರದು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಆಸುಪಾಸು, ಮೂರು ದಿನ ನಮ್ಮ ಮನೆಯ ಆ ಕಡೆ ಐದು, ಈ ಕಡೆ ಐದು, ನಡುವೆ ನಮ್ಮದು ಎಂದು ಹನ್ನೊಂದು ಒಲೆಗಳ ಮೇಲೆ ಹಾಲು ಒಡೆದು ನೀರೇ ಬೇರೆ, ಗಟ್ಟಿಯೇ ಬೇರೆ ಆಗುತ್ತಿತ್ತು. ಬೀದಿ ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಗಿತ್ತು. ಟೀ ಅಂಗಡಿಯ ಚೆನ್ನಬಸವ ಸರಿಯಾಗಿ ಹನ್ನೆರಡನೆಯ ಮನೆಯಾಗಬಹುದಾಗಿದ್ದ ಜಾಗದಲ್ಲಿ, ಹೆಜ್ಜೆ ಅಳೆದು, ತನ್ನ ಸ್ಟೌ ಇಟ್ಟುಕೊಂಡಿದ್ದ. ಆ ಮೂರು ದಿನ ಹನ್ನೊಂದು ಮನೆಯವರೂ ಅಲ್ಲಿಗೇ ಹೋಗಿ ಟೀ ಕುಡಿಯುತ್ತಿದ್ದರು. ಒಡೆದ ಹಾಲೆಲ್ಲ ಪಕ್ಕದ ಮನೆಯ ಮೆಹರುನ್ನೀಸಕ್ಕನ ದೊಡ್ಡ ಬಾಣಲೆ ಸೇರುತ್ತಿತ್ತು. ಅದಕ್ಕೆ ಸಕ್ಕರೆ, ತುಪ್ಪ, ಏಲಕ್ಕಿ ಹಾಕಿ ಅವರು ಮಾಡುವ ಸಿಹಿ ಬೀದಿಗೆಲ್ಲ ಹಂಚಿಕೆಯಾಗುತ್ತಿತ್ತು. ಮೊದಲ ಬಟ್ಟಲು ಮಾತ್ರ ನಮ್ಮ ಅತ್ತೆಗೆ, ನಮ್ಮ ಮನೆಗೆ ಬರುತ್ತಿದ್ದದ್ದೂ ಅದೊಂದೇ. ನೋವು ಯಾರದೋ ಮೊದಲ ಬಟ್ಟಲು ಅವರದು, ಇದು ಊರಿನ ಪದ್ಧತಿ.

ಅತ್ತೆಗೂ ಈ ದೊಡ್ಡಸ್ತಿಕೆ ಬೇಡವಾಗಿರಲಿಲ್ಲ. ಜನ ಅವರನ್ನು ಹೆಸರಿಟ್ಟು ಕರೆಯುವುದು ಬಿಟ್ಟು "ಹನ್ನೊಂದು ಮನೆಯಮ್ಮ" ಎನ್ನುತ್ತಿದ್ದರು. ಗುಡಿಯಲ್ಲಿ ಭಜನೆಗೆ ಹೋದರೆ ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿಕೊಳ್ಳುವ ಜಾಗ ಅವರಿಗೆ. ಬೇರೆಯವರು ಸೊಂಟನೋವು ಎಂದು ಹೇಳಿಕೊಂಡರೆ ಅತ್ತೆ ಪೂರ್ತಿ ಕೇಳಿಸಿಕೊಂಡು, "ಎಷ್ಟು ಮನೆ?" ಎಂದು ವಿಚಾರಿಸಿ, "ಎರಡಾ, ಪಾಪ, ಎಣ್ಣೆ ಹಚ್ಚು" ಅನ್ನುತ್ತಿದ್ದರು. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಹನ್ನೆರಡು ವರ್ಷದ ಹಿಂದೆ. ನನ್ನ ತವರು ಬೇರೆ ಊರು. ಅಲ್ಲಿ ಹಾಲು ಒಡೆಯುವುದು ಹುಳಿ ಬಿದ್ದರೆ ಮಾತ್ರ. ಮದುವೆಯಾದ ಮೊದಲ ತಿಂಗಳೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿ ಪೆಟ್ಟು ಮಾಡಿಕೊಂಡರು. ಅದೇ ವಾರ ಹನ್ನೊಂದು ಮನೆಯ ಹಾಲು ಒಡೆಯಿತು. ಬೀದಿಯವರೆಲ್ಲ ಓಡಿಬಂದು ಅತ್ತೆಯ ಮಂಚದ ಸುತ್ತ ನಿಂತರು. ಅದೇ ವಾರ ನಾನೂ ಅಡುಗೆಮನೆಯ ಮೂಲೆಯಲ್ಲಿ ಮುದುರಿಕೊಂಡು ಕೂತಿದ್ದೆ, ಆದರೆ ಅದು ತಿಂಗಳಿನದು. ನನ್ನಮ್ಮ ನನಗೆ ಹದಿಮೂರು ವರ್ಷವಾಗಿದ್ದಾಗಲೇ ಹೇಳಿಬಿಟ್ಟಿದ್ದಳು, ಇದು ಎಲ್ಲ ಹೆಂಗಸರಿಗೂ ಇರುವುದು, ಬಾಯಿಬಿಟ್ಟು ಹೇಳಿಕೊಳ್ಳಬಾರದು ಎಂದು. ಹೊಟ್ಟೆಯಲ್ಲಿ ಯಾರೋ ಒದ್ದೆಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಆದರೂ ಬಂದವರಿಗೆಲ್ಲ ನಾನೇ ಕರಿಟೀ ಮಾಡಿಕೊಟ್ಟೆ.

ನಗಬೇಡಿ, ಆ ಹಾಲು ಅತ್ತೆಯ ಮಂಡಿಗೇ ಒಡೆದದ್ದು ಎಂದು ನಾನೂ ನಂಬಿದ್ದೆ. ಹನ್ನೆರಡು ವರ್ಷ ನಂಬಿದ್ದೆ. ಪ್ರತಿ ತಿಂಗಳೂ ಸರಿಯಾಗಿ ನಾನು ನೆಲ ಹಿಡಿಯುವ ದಿನವೇ ಅವರ ಮಂಡಿಯೂ ಎಳೆಯುತ್ತದಲ್ಲ ಎಂದು ಒಂದು ಸಲವೂ ಅನಿಸಲಿಲ್ಲ. ಅಮಾವಾಸ್ಯೆಗೆ ಒಂದು ವಾರ ಮೊದಲೇ ಹಾಲು ಒಡೆದರೆ ಅತ್ತೆ "ಈ ಸಲ ಮುಂಚೆ ಹಿಡೀತು" ಅನ್ನುವರು. ಹುಣ್ಣಿಮೆಗೆ ಒಡೆದರೆ "ಹಳೇ ಅಮಾವಾಸ್ಯೆ ಬಾಕಿ ಇತ್ತು" ಅನ್ನುವರು. ನಾನು ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಅವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. ಎಷ್ಟು ನೋಯುತ್ತಿದೆಯೋ ಪಾಪ, ಹನ್ನೊಂದು ಮನೆ ಅಂದರೆ ಸುಮ್ಮನೆಯೇ ಎಂದು ಮರುಗುತ್ತಿದ್ದೆ. ಅವರ ಮಂಡಿ ನಿಜಕ್ಕೂ ನೋಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಅವರು ಮೆಟ್ಟಿಲು ಹತ್ತುವ ಹೊತ್ತಿಗೆ ಹಾಲು ಕಾಯುತ್ತಿದ್ದರೆ ಯಾವತ್ತಾದರೂ ಸರಿ, ನಮ್ಮ ಒಲೆಯ ಮೇಲಿನದು ಒಡೆಯುತ್ತಿತ್ತು. ಅದಕ್ಕೇ ನಾನು ಅವರು ಏಳುವುದಕ್ಕೆ ಮೊದಲೇ ಕಾಯಿಸಿ ಇಡುತ್ತಿದ್ದೆ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನ ಯಜಮಾನರು ಶಂಭುಲಿಂಗ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಬೀದಿ ತನಗೆ ತೋಚಿದ ಕಾರಣಗಳನ್ನೆಲ್ಲ ಹೇಳಿ ಸುಸ್ತಾಗಿ ಸುಮ್ಮನಾಗಿತ್ತು. ಯಜಮಾನರ ಸಂಬಳದಲ್ಲಿ ಒಂದಿಷ್ಟು, ನನ್ನ ಹೊಲಿಗೆಯಲ್ಲಿ ಅರ್ಧ, ಹೀಗೆ ಏಳು ವರ್ಷ ಕೂಡಿಟ್ಟು ಅತ್ತೆಯ ಮಂಡಿ ಬದಲಾಯಿಸಲು ದುಡ್ಡು ಮಾಡಿದೆವು. ಸುಮಾರು ಮೂರು ಲಕ್ಷ. ಕಳೆದ ಬೇಸಿಗೆಯಲ್ಲಿ ಊರಾಚೆಯ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅತ್ತೆ ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು.

ಆ ಆಸ್ಪತ್ರೆಯ ಹಿಂದೆ ಒಂದು ಬಯಲಿದೆ. ಅಲ್ಲಿ ಮನೆಯಿಂದ ಮನೆಗೆ ಎಷ್ಟು ದೂರವೋ ಅಷ್ಟಷ್ಟಕ್ಕೆ ಕಲ್ಲು ನೆಟ್ಟು, ಕಲ್ಲಿಗೊಂದು ಬಟ್ಟಲು ಬಿಸಿ ಹಾಲು ಇಡುತ್ತಾರೆ. ರೋಗಿಯನ್ನು ಒಂದು ತುದಿಯಲ್ಲಿ ಕೂರಿಸಿ, ನೋವಾಗುವ ಹಾಗೆ ಕಾಲು ಮಡಿಸಿ, ಎಷ್ಟು ಬಟ್ಟಲು ಒಡೆಯಿತು ಎಂದು ನರ್ಸಮ್ಮ ಬರೆದುಕೊಳ್ಳುತ್ತಾಳೆ. ಅತ್ತೆಯ ಕಾಲು ಮಡಿಸಿದರು. ಅತ್ತೆ ಹಲ್ಲು ಕಚ್ಚಿದರು. ಮೊದಲ ಬಟ್ಟಲು ಒಡೆಯಿತು. ಎರಡನೆಯದರಲ್ಲಿ ಕೆನೆ ಕಟ್ಟಿತು. ನರ್ಸಮ್ಮ ಇನ್ನೂ ಸ್ವಲ್ಪ ಮಡಿಸಿದಳು. ಎರಡನೆಯದರ ಕೆನೆ ಇನ್ನೂ ದಪ್ಪವಾಯಿತು.

"ಒಂದು ಮನೆ" ಎಂದು ನರ್ಸಮ್ಮ ಕೂಗಿ ಹೇಳಿದಳು.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಈ ಊರಿಗೆ ಹೊಸಬಳಾ? ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇದೆ. ಅವತ್ತು ಇಡು ನಿನ್ನ ಬಟ್ಟಲುಗಳನ್ನ. ಕಲ್ಲು ಸಾಲದೇ ಹೋದ್ರೆ ನನ್ನನ್ನ ಬೈಬೇಡ."

ಡಾಕ್ಟರು ಒಪ್ಪಿ, ಅಮಾವಾಸ್ಯೆಯ ಹೊತ್ತಿಗೆ ಮೂರು ದಿನ ಅಡ್ಮಿಟ್ ಮಾಡಿಕೊಂಡು ನೋಡೋಣ ಎಂದರು. ಎಂಟನೆಯ ದಿನ ಯಜಮಾನರು ಅತ್ತೆಯನ್ನು ಕರೆದುಕೊಂಡು ಹೋಗಿ ಅಲ್ಲೇ ಉಳಿದರು. ನಾನು ಹೊಲಿಗೆ ಮುಗಿಸಬೇಕಿತ್ತು, ಮನೆಯಲ್ಲೇ ಇದ್ದೆ. ಬೀದಿಗೆ ಹಬ್ಬ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಮಾವಾಸ್ಯೆಗೆ ಹನ್ನೊಂದು ಮನೆಯಮ್ಮ ಬೀದಿಯಲ್ಲಿಲ್ಲ. ಎಡಪಕ್ಕದ ಲೈನ್‌ಮನ್ ಮನೆಯವರು ಹಾಲುಪಾಯಸಕ್ಕೆ ಇಟ್ಟರು. ಚೆನ್ನಬಸವನಂತೂ ಧೈರ್ಯ ಮಾಡಿ ತನ್ನ ಸ್ಟೌ ಎತ್ತಿಕೊಂಡು ಬಂದು, ಜನ ಹೆಚ್ಚು ಓಡಾಡುವ ಜಾಗ ಎಂದು ನಮ್ಮ ಜಗಲಿಯ ಪಕ್ಕದಲ್ಲೇ ಹದಿನೈದು ಲೀಟರ್ ಹಾಲು ಕಾಯಲಿಟ್ಟ. ನಾನು ಕಿಟಕಿಯಿಂದ ನೋಡಿ ನಕ್ಕೆ. ಆಮೇಲೆ ಹೊಟ್ಟೆಯಲ್ಲಿ ಆ ಒದ್ದೆಬಟ್ಟೆ ಹಿಂಡುವುದು ಶುರುವಾಯಿತು, ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಮಲಗಿದೆ.

ಸ್ವಲ್ಪ ಹೊತ್ತಿನಲ್ಲಿ ಹೊರಗೆ ಚೆನ್ನಬಸವನ ದನಿ ಕೇಳಿತು. "ಅಮ್ಮ ವಾಪಸ್ ಬಂದ್ಬಿಟ್ರಾ? ಹೇಳೋದಲ್ವಾ ಒಂದು ಮಾತು? ಹದಿನೈದು ಲೀಟರ್ ಹೋಯ್ತಲ್ರೀ ನಂದು." ಅತ್ತ ಲೈನ್‌ಮನ್ ಹೆಂಡತಿ ಪಾಯಸದ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಹನ್ನೊಂದು ಮನೆಯವರೂ ಒಬ್ಬೊಬ್ಬರಾಗಿ ಪಾತ್ರೆ ಸಮೇತ ನಮ್ಮ ಮನೆ ಮುಂದೆ ಸೇರಿದರು. ಮೆಹರುನ್ನೀಸಕ್ಕ ಮಾತ್ರ ಕೂಗದೆ ಒಳಗೆ ಬಂದರು. ಅತ್ತೆಯ ಮಂಚ ನೋಡಿದರು, ಖಾಲಿ. ಅಡುಗೆಮನೆ ನೋಡಿದರು. ಆಮೇಲೆ ಮೆಷಿನ್ನಿನ ಪಕ್ಕದಲ್ಲಿ ನನ್ನನ್ನು ನೋಡಿದರು.

"ಅಮ್ಮ ಎಲ್ಲಿ ದಾಕ್ಷಿ?"

"ಆಸ್ಪತ್ರೇಲೇ ಇದ್ದಾರೆ ಅಕ್ಕ."

"ಮನೇಲಿ ಮತ್ಯಾರಿದ್ದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಆಮೇಲೆ ನನ್ನ ಹಣೆಯ ಬೆವರು ಒರೆಸಿ, "ಹನ್ನೆರಡು ವರ್ಷದಿಂದ ನಾನು ಆ ಸಿಹಿ ಮಾಡ್ತಿದ್ದೀನಿ. ಒಂದು ದಿನ ನಿನಗೆ ಒಂದು ಬಟ್ಟಲು ಕೊಟ್ಟಿಲ್ಲವಲ್ಲೇ" ಎಂದರು. ನನಗೆ ಅಳು ಬಂದದ್ದು ನೋವಿಗಲ್ಲ. ನಾನು ಅತ್ತದ್ದನ್ನು ನೋಡಿ ಹೊರಗಿದ್ದವರೆಲ್ಲ ಪಾತ್ರೆ ಕೆಳಗಿಟ್ಟರು.

ಅತ್ತ ಆಸ್ಪತ್ರೆಯ ಬಯಲಿನಲ್ಲಿ ಅಮಾವಾಸ್ಯೆಯ ದಿನವೂ ಒಂದೇ ಬಟ್ಟಲು ಒಡೆಯಿತು. ಮರುದಿನವೂ ಒಂದೇ. ಅತ್ತೆ ಹಾಲಿನ ಮೇಲೆ, ನರ್ಸಮ್ಮನ ಮೇಲೆ, ಕೊನೆಗೆ ಹಸುವಿನ ಮೇಲೂ ಅನುಮಾನಪಟ್ಟು, ಮೂರನೆಯ ದಿನ ಮನೆಗೆ ಬಂದರು. ಬೀದಿಯ ಸುದ್ದಿ ಅವರಿಗಿಂತ ಮೊದಲೇ ಆಟೋಸ್ಟಾಂಡಿಗೆ ಹೋಗಿ ನಿಂತಿತ್ತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಕದ್ದು ಸಿಕ್ಕಿಬಿದ್ದವರ ಮುಖವಿತ್ತು, ಕದ್ದದ್ದು ಯಾರು ಅನ್ನುವುದೇ ತಿಳಿಯುತ್ತಿರಲಿಲ್ಲ.

ಮೆಹರುನ್ನೀಸಕ್ಕ ಬಿಡಲಿಲ್ಲ, ಅದೇ ಖಾಸಗಿ ಆಸ್ಪತ್ರೆಯ ಹೆಂಗಸರ ಡಾಕ್ಟರು ಯಶೋಧರಾ ಅವರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಸ್ಕ್ಯಾನ್ ಮಾಡಿ, ಎಷ್ಟು ವರ್ಷದಿಂದ ಎಂದು ಕೇಳಿದರು. ಮದುವೆಯಾದ ಮೇಲೆ ಹನ್ನೆರಡು, ಅದಕ್ಕೆ ಮೊದಲು ಒಂಬತ್ತು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಇದಕ್ಕೆ ಎಂಡೊಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಗಡೆ ಪದರ ಇರತ್ತಲ್ಲ, ಅದೇ ಥರದ್ದು ಹೊರಗಡೆನೂ ಬೆಳ್ಕೊಂಡಿದೆ. ಒಳಗಿಂದು ತಿಂಗಳು ತಿಂಗಳು ಹೊರಗೆ ಹೋಗತ್ತೆ. ಹೊರಗೆ ಬೆಳೆದಿದ್ದಕ್ಕೆ ದಾರಿ ಇಲ್ಲ. ಅಲ್ಲೇ ಉರಿಯತ್ತೆ, ಅಲ್ಲೇ ಅಂಟ್ಕೊಳತ್ತೆ. ನಿಮ್ಮ ಎಡಗಡೆ ಅಂಡಾಶಯ ಕರುಳಿಗೆ ಅಂಟಿಕೊಂಡಿರೋ ಹಾಗೆ ಕಾಣತ್ತೆ."

ನನಗೆ ಅರ್ಥವಾಯಿತು. ಲೈನಿಂಗ್ ಬಟ್ಟೆಯನ್ನು ತಪ್ಪಿ ಹೊರಗಡೆ ಸೇರಿಸಿ ಹೊಲಿದ ಬ್ಲೌಸು. ನಾನು ಅಂಥದ್ದನ್ನು ಎಷ್ಟೋ ಬಿಚ್ಚಿ ಸರಿಮಾಡಿದ್ದೇನೆ. ಮೊದಲು ಮಾತ್ರೆಯಲ್ಲಿ ತಡೆದು ನೋಡೋಣ ಎಂದು ಡಾಕ್ಟರು ಮೂರು ತಿಂಗಳಿಗೆ ಬರೆದುಕೊಟ್ಟರು. ಮಾತ್ರೆಯಿಂದ ಹನ್ನೊಂದು ಒಂಬತ್ತಾಯಿತು. ಎರಡೂ ತುದಿಯ ಮನೆಯವರು ಬಂದು ನನಗೆ ಥ್ಯಾಂಕ್ಸ್ ಹೇಳಿ ಹೋದರು. ಆದರೆ ಇಡೀ ತಿಂಗಳು ತಲೆಭಾರ, ಬಂದ ಸಿಹಿಯನ್ನೂ ಬಾಯಿಗಿಡಲಾಗುತ್ತಿರಲಿಲ್ಲ, ಬ್ಲೌಸಿನ ಒಂದು ತೋಳಿಗೆ ಇನ್ನೊಂದು ಹೊಂದುತ್ತಿರಲಿಲ್ಲ. ಆಗ ಡಾಕ್ಟರು ಆಪರೇಷನ್ ಮಾತೆತ್ತಿದರು. ಸಣ್ಣ ಸಣ್ಣ ತೂತು ಮಾಡಿ, ಕ್ಯಾಮರಾ ಬಿಟ್ಟು, ಬೇಡದ್ದನ್ನು ಹುಡುಕಿ ಕತ್ತರಿಸಿ ತೆಗೆಯುವುದು. ಎಲ್ಲ ಸೇರಿ ಎರಡು ಲಕ್ಷ ಎಂಬತ್ತು ಸಾವಿರ.

"ಪೂರ್ತಿ ಹೋಗತ್ತೆ ಅಂತ ನಾನು ಮಾತು ಕೊಡಲ್ಲ" ಎಂದು ಡಾಕ್ಟರು ತಾವಾಗಿಯೇ ಹೇಳಿದರು. "ಕೆಲವರಿಗೆ ಮತ್ತೆ ಬರತ್ತೆ. ಮಕ್ಕಳ ವಿಷಯನೂ ಈಗಲೇ ಏನೂ ಹೇಳಕ್ಕಾಗಲ್ಲ. ಆದ್ರೆ ಎಷ್ಟೋ ಜನಕ್ಕೆ ನೋವು ತುಂಬಾ ಕಮ್ಮಿ ಆಗಿರೋದನ್ನ ನಾನೇ ನೋಡಿದ್ದೀನಿ."

ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಗಬಹುದೇನೋ ಎಂದು ಅಲ್ಲಿಗೂ ಹೋದೆ. ಕಿಟಕಿಯ ಹಿಂದಿನ ಗುಮಾಸ್ತ ಒಳ್ಳೆಯವನೇ. ಅರ್ಜಿ ಕೊಟ್ಟು, ಎಷ್ಟು ಮನೆ ಅನ್ನುವ ಕಡೆ ಬೆರಳಿಟ್ಟು ತೋರಿಸಿದ. ನಾನು ಹನ್ನೊಂದು ಎಂದು ಬರೆದೆ. ಅವನು ಎದ್ದು ನಿಂತ. ಯಾವಾಗ ಬರುತ್ತದೆ ಎಂದು ಕೇಳಿದ, ಹೇಳಿದೆ. ಅವನು ಕೂತುಕೊಂಡ. ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ತಿಂಗಳ ನೋವು ಬಿಟ್ಟು' ಎಂದು ಅಚ್ಚು ಹಾಕಿತ್ತು.

"ತಿಂಗಳದ್ದು ಲೆಕ್ಕಕ್ಕೆ ಬರಲ್ಲಮ್ಮ. ಬೇರೆ ಏನಾದ್ರೂ ನೋವಿದ್ರೆ ಹೇಳಿ, ಸೇರಿಸ್ತೀನಿ."

"ಬೇರೇದಿಲ್ಲ."

"ಹಾಗಾದ್ರೆ ಸೊನ್ನೆ ಆಗತ್ತೆ" ಎಂದು ಬೇಜಾರಿನಿಂದಲೇ ಸೊನ್ನೆ ಬರೆದ. ಸೊನ್ನೆಯವರ ಸರದಿ ಬರಲು ಒಂದೂವರೆ ವರ್ಷ. ಅದಕ್ಕೆ ಬೇಕಾದ ಸರ್ಜನ್ನು ತಿಂಗಳಿಗೆ ಒಂದೇ ದಿನ ಬರುತ್ತಾರಂತೆ. ನನ್ನ ನೋವಿನಷ್ಟೇ ಕರಾರುವಾಕ್ಕು ಎಂದುಕೊಂಡು ಮನೆಗೆ ಬಂದೆ.

ಇನ್ನು ಉಳಿದದ್ದು ಮಂಡಿಯ ದುಡ್ಡು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಯಾರೂ ಎತ್ತದಿದ್ದುದರಿಂದ ಮನೆಯಲ್ಲಿ ಬೇರೆ ಮಾತೂ ಇರಲಿಲ್ಲ. ನನ್ನ ಯಜಮಾನರು ನ್ಯಾಯವಂತರು. ಎಷ್ಟು ನ್ಯಾಯವಂತರೆಂದರೆ ಯಾರು ಕೊನೆಗೆ ಮಾತಾಡುತ್ತಾರೋ ಅವರದ್ದು ಸರಿ ಅನಿಸುತ್ತದೆ ಅವರಿಗೆ. ಒಂದು ಭಾನುವಾರ ಡ್ರಾಯಿಂಗ್ ಹಾಳೆ ಹರಡಿಕೊಂಡು, ನಡುವೆ ಗೀಟೆಳೆದು, ಒಂದು ಕಡೆ ಅಮ್ಮ, ಒಂದು ಕಡೆ ದಾಕ್ಷಾಯಿಣಿ ಎಂದು ಬರೆದರು. ಅಮ್ಮನ ಕಡೆ ಮಂಡಿಯ ಚಿತ್ರ ಬಿಡಿಸಿದರು. ಚಿಪ್ಪು, ಕೀಲು, ಊತ, ಎಲ್ಲ ಬಂದಿತ್ತು, ಮುಟ್ಟಿದರೆ ನೋಯುವ ಹಾಗಿತ್ತು. ನನ್ನ ಕಡೆ ಪೆನ್ಸಿಲ್ ಇಟ್ಟುಕೊಂಡು ಬಹಳ ಹೊತ್ತು ಕೂತರು.

"ಏನು ಬಿಡಿಸಲಿ?" ಎಂದು ಕೇಳಿದರು.

"ಖಾಲಿ ಬಿಡಿ" ಎಂದೆ. ಅವರಿಗೂ ಅದು ಚುಚ್ಚಿತೇನೋ, ಹಾಳೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟರು.

ಅತ್ತೆಯ ಸ್ಥಿತಿ ನೋಡಲಾಗುತ್ತಿರಲಿಲ್ಲ. ಅವರನ್ನು ಹನ್ನೊಂದು ಮನೆಯಮ್ಮ ಎಂದು ಕರೆಯುವವರಿಲ್ಲ. ಹನ್ನೆರಡು ವರ್ಷದಲ್ಲಿ ಮೂಲ ಹೆಸರು ಜನಕ್ಕೆ ಮರೆತುಹೋಗಿ, ಕೆಲವರು ಸುಮ್ಮನೆ "ಅಮ್ಮ, ಅದೇ, ಇವರೇ" ಅನ್ನುತ್ತಿದ್ದರು. ಭಜನೆಯಲ್ಲಿ ಗೋಡೆಯ ಜಾಗ ಕಿಡ್ನಿಯ ಕಲ್ಲು ಕರಗಿಸಿಕೊಳ್ಳುತ್ತಿದ್ದ ನಾಲ್ಕು ಮನೆಯವರೊಬ್ಬರಿಗೆ ಹೋಯಿತು. ಒಂದು ಮಧ್ಯಾಹ್ನ ನಾನು ಹಾಲು ಕಾಯಲಿಟ್ಟು ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಅತ್ತೆ ಮಹಡಿ ಮೆಟ್ಟಿಲನ್ನು ಹತ್ತುವುದು, ಇಳಿಯುವುದು ಮಾಡುತ್ತಿದ್ದಾರೆ, ಮುಖವೆಲ್ಲ ಕೆಂಪಾಗಿದೆ. ನನ್ನ ಕಡೆ ನೋಡದೆ, "ಮೆಹರುನ್ನೀಸಾ ಮನೇದು ಏನಾಯ್ತು, ನೋಡ್ಕೊಂಡು ಬಾ" ಎಂದರು. ಹೋಗಿ ನೋಡಿದೆ. ಅಲ್ಲಿ ಹಾಲು ಚೆನ್ನಾಗಿ ಉಕ್ಕಿ ಬಂದಿತ್ತು. ವಾಪಸ್ ಬಂದು ಹೇಗೆ ಹೇಳಲಿ ಎಂದು ಬಾಗಿಲಲ್ಲೇ ನಿಂತೆ. ನಾನು ನಿಂತದ್ದನ್ನು ನೋಡಿಯೇ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವತ್ತು ಅವರ ಮೇಲೆ ನನಗೆ ಬಂದ ಕನಿಕರ ಹನ್ನೆರಡು ವರ್ಷ ಎಣ್ಣೆ ತಿಕ್ಕುವಾಗಲೂ ಬಂದಿರಲಿಲ್ಲ.

ಹಾಗೆ ಕನಿಕರಪಟ್ಟೇ ನಾನು ನನ್ನ ತೀರ್ಮಾನವನ್ನು ದೂಡುತ್ತಿದ್ದೆ. ಅವರ ದೊಡ್ಡಸ್ತಿಕೆ ಕಿತ್ತುಕೊಂಡದ್ದಾಯಿತು, ಇನ್ನು ಮಂಡಿಯನ್ನೂ ಕಿತ್ತುಕೊಳ್ಳಲೇ ಎಂದು ಕೇಳಿಕೊಳ್ಳುತ್ತಿದ್ದೆ. ಅವರದು ನಿತ್ಯದ ನೋವು, ನನ್ನದು ತಿಂಗಳಿಗೆ ಮೂರು ದಿನ. ಅವರ ಮಂಡಿಗೆ ಹೊಸದು ಹಾಕಿದರೆ ನಡೆಯುತ್ತಾರೆ, ನನ್ನದು ವಾಸಿಯಾಗುತ್ತದೆಂದು ಡಾಕ್ಟರೇ ಹೇಳುವುದಿಲ್ಲ. ಇಪ್ಪತ್ತೊಂದು ವರ್ಷ ತಡೆದವಳಿಗೆ ಇನ್ನೂ ಒಂದೂವರೆ ವರ್ಷ ಯಾವ ಲೆಕ್ಕ. ಹೀಗೆ ಕಾರಣಗಳನ್ನು ಜೋಡಿಸಿ ಇಸ್ತ್ರಿ ಹಾಕಿ ಇಟ್ಟುಕೊಂಡಿದ್ದೆ. ಮೆಹರುನ್ನೀಸಕ್ಕನ ಹತ್ತಿರ ಹೇಳಿದರೆ ಅವರು, "ನಿನ್ನ ಹೊಲಿಗೆ ದುಡ್ಡು ಅದರಲ್ಲಿ ಇಲ್ವಾ?" ಎಂದು ಮಾತ್ರ ಕೇಳಿದರು. ಇದೆ ಎಂದೆ. "ಮತ್ತೆ?" ಎಂದರು.

ಬೀದಿಗೂ ಅದರದ್ದೇ ಅಭಿಪ್ರಾಯಗಳಿದ್ದವು. ಹಾಲು ಉಳಿಯುತ್ತದಲ್ಲ, ಮಾಡಿಸಿಬಿಡಿ ಎಂದು ಕೆಲವರು. ಸಿಹಿ ತಪ್ಪಿಹೋಗುತ್ತದಲ್ಲ ಎಂದು ಕೆಲವರಿಗೆ ಒಳಗೊಳಗೇ ಕಸಿವಿಸಿ. ಚೆನ್ನಬಸವ ಮಾತ್ರ ನೇರವಾಗಿಯೇ ಕೇಳಿದ. "ನೀವು ಮಾಡಿಸ್ಕೊಳ್ಳೋದಾದ್ರೆ ಮೊದಲೇ ಹೇಳ್ಬಿಡಿ ದಾಕ್ಷಕ್ಕ. ಈ ಮೂರು ದಿನದ ವ್ಯಾಪಾರಾನ ನಂಬ್ಕೊಂಡು ನಾನು ಬೆಂಚು ಮಾಡಿಸಿದ್ದೀನಿ."

ಮಾತ್ರೆ ನಿಲ್ಲಿಸಿದ ತಿಂಗಳು ಹನ್ನೊಂದು ಮನೆಯೂ ವಾಪಸ್ ಬಂತು. ಬೆಳಿಗ್ಗೆ ಎಂಟಕ್ಕೆಲ್ಲ ಬೀದಿಯಲ್ಲಿ ಒಬ್ಬೊಬ್ಬರೇ ಪಾತ್ರೆ ಹಿಡಿದುಕೊಂಡು ಮೆಹರುನ್ನೀಸಕ್ಕನ ಮನೆಗೆ ಹೋಗುವ ಚಪ್ಪಲಿ ಸದ್ದು ನನಗೆ ಮಲಗಿದ್ದಲ್ಲಿಗೇ ಕೇಳಿಸುತ್ತಿತ್ತು. ಯಾರೂ ಜೋರಾಗಿ ಮಾತಾಡಲಿಲ್ಲ. ಮೊದಲು ಅತ್ತೆಯ ಕಾಲದಲ್ಲಿ ಇದು ಗದ್ದಲದ ಮೆರವಣಿಗೆಯಾಗಿರುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಒಂದು, ಎರಡು ಎಂದು ಎಣಿಸುತ್ತಿದ್ದೆ. ಐದರ ಆಚೆ ಎಣಿಸಲು ಆಗಲಿಲ್ಲ.

ಹತ್ತು ಗಂಟೆಗೆ ಮೆಹರುನ್ನೀಸಕ್ಕನ ಮನೆಯಿಂದ ಎರಡು ಬಟ್ಟಲು ಬಂದವು. ಅವರು ಸೂಕ್ಷ್ಮದವರು. ನನಗೆ ಒಂದು ಕಳಿಸಿ, ಅತ್ತೆಗೆ ಬೇಜಾರಾಗಬಾರದೆಂದು ಅವರಿಗೂ ಎಂದಿನ ಬೆಳ್ಳಿ ಅಂಚಿನ ಬಟ್ಟಲಲ್ಲೇ ಕಳಿಸಿದ್ದರು. ನಾನು ನನ್ನದನ್ನು ಮುಟ್ಟಿರಲಿಲ್ಲ. ಪಕ್ಕದ ಕೋಣೆಯಿಂದ ಅತ್ತೆಯ ಊರುಗೋಲಿನ ಸದ್ದು ಬಂತು. ಅವರು ಬೆಳ್ಳಿ ಅಂಚಿನ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬಾಗಲಾರದೆ ಬಾಗಿ, ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ಏಳು ವರ್ಷದಿಂದ ನೋಡಿರಲಿಲ್ಲ.

"ತಗೋ" ಎಂದರು.

"ಅದು ನಿಮಗೆ ಕಳಿಸಿರೋದು ಅತ್ತೆ."

"ಹನ್ನೆರಡು ವರ್ಷ ನನಗೇ ಕಳಿಸಿದ್ರು. ನಾನೂ ಬಟ್ಟಲು ಕೆರೆದು ತಿಂದೆ. ನಿಂದು ಅಂತ ನನಗೆ ಗೊತ್ತಿರ್ಲಿಲ್ಲ ಕಣೆ, ನಿನ್ನಾಣೆ. ಗೊತ್ತಾಗ್ಬೇಕಿತ್ತು. ನಡುವೆ ಇರೋದು ಒಂದು ಗೋಡೆ." ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ನೀನು ನರಳಿದ್ದು ಒಂದು ದಿನ ಕೇಳಿಸಲಿಲ್ಲ ನನಗೆ. ಯಾಕೆ ಕೇಳಿಸಲಿಲ್ಲ?"

"ನಾನು ನರಳ್ತಿರಲಿಲ್ಲ ಅತ್ತೆ."

"ಅದೇ ತಪ್ಪು ನಿಂದು" ಎಂದರು. ದನಿ ಗಡುಸಾಗಿತ್ತು, ಕಣ್ಣು ಒದ್ದೆಯಾಗಿತ್ತು. ಎರಡನ್ನೂ ಮುಚ್ಚಿಕೊಳ್ಳಲು ಬೈಯುವುದೇ ಸುಲಭ ಅನಿಸಿರಬೇಕು. "ನನ್ನ ಹನ್ನೊಂದು ಮನೆಯನ್ನೂ ಕಿತ್ಕೊಂಡೆ. ಭಜನೆ ಜಾಗ ಹೋಯ್ತು. ದುಡ್ಡೊಂದನ್ನ ಯಾಕೆ ಬಿಟ್ಟಿದ್ದೀಯ? ಅದನ್ನೂ ತಗೊಂಡು ಹೋಗಿ ಆ ಡಾಕ್ಟರಮ್ಮನಿಗೆ ಕೊಡು."

"ಪೂರ್ತಿ ವಾಸಿ ಆಗತ್ತೆ ಅಂತ ಅವರೇ ಹೇಳಲ್ಲ. ದುಡ್ಡೂ ಹೋಗಿ, ನೋವೂ ಉಳಿದ್ರೆ? ನಿಮ್ಮ ಮಂಡಿನೂ ಹಾಗೇ ಉಳಿಯತ್ತೆ."

ಅತ್ತೆ ನನ್ನನ್ನೇ ನೋಡಿದರು. "ನನ್ನ ಮಂಡಿಗೆ ಏನೋ ಒಂದು ಲೋಹ ಕೂರಿಸ್ತೀವಿ ಅಂದ್ರಲ್ಲ, ಅದು ಸರಿಹೋಗತ್ತೆ ಅಂತ ಯಾರಾದ್ರೂ ಬರ್ಕೊಟ್ಟಿದ್ರಾ? ಏಳು ವರ್ಷ ಕೂಡಿಟ್ಟೆಯಲ್ಲ, ಒಂದು ದಿನ ಕೇಳಿದ್ಯಾ ನೀನು?"

ನಾನು ಕೇಳಿರಲಿಲ್ಲ. ಅತ್ತೆಗೆ ನೋಯುತ್ತದೆ, ಮಾಡಿಸಬೇಕು, ಅಷ್ಟೇ ಇತ್ತು ನನ್ನ ತಲೆಯಲ್ಲಿ. ಗ್ಯಾರಂಟಿ ಕೇಳುತ್ತಿದ್ದದ್ದು ನನ್ನ ನೋವಿಗೆ ಮಾತ್ರ. ಸರಕಾರಿ ಕಿಟಕಿಯ ಗುಮಾಸ್ತ ಸೊನ್ನೆ ಬರೆದದ್ದಕ್ಕೆ ಅವನನ್ನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಅವನಿಗಿಂತ ಇಪ್ಪತ್ತು ವರ್ಷ ಮೊದಲೇ ನಾನೇ ಅದನ್ನು ಬರೆದಿಟ್ಟುಕೊಂಡಿದ್ದೆ ಎಂದು ಆಗ ತಿಳಿಯಿತು. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಆಮೇಲೆ ಬಟ್ಟಲಿಗೆ ಕೈಹಾಕಿದೆ. ಹನ್ನೆರಡು ವರ್ಷದಿಂದ ಕೇಳಿ ಮಾತ್ರ ಗೊತ್ತಿದ್ದ ಆ ಮೊದಲ ಬಟ್ಟಲಿನ ಸಿಹಿ. ಏಲಕ್ಕಿ ಹದವಾಗಿತ್ತು, ತುಪ್ಪ ಕೈಬಿಚ್ಚಿ ಹಾಕಿದ್ದರು.

"ಇದು ಇಷ್ಟು ಚೆನ್ನಾಗಿರತ್ತೆ ಅಂತ ನೀವು ಹೇಳಲೇ ಇಲ್ಲವಲ್ಲ" ಎಂದೆ.

"ಹೇಳಿದ್ರೆ ನೀನೂ ಕೇಳ್ತಿದ್ದೆ" ಎಂದರು ಅತ್ತೆ.

ಅವತ್ತೇ ಯಜಮಾನರು ಸ್ಕೂಲಿನಿಂದ ಬರುವುದಕ್ಕೆ ಮೊದಲೇ ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬಂದ ಮೇಲೆ ಹೇಳಿದೆ. ಕೊನೆಗೆ ಮಾತಾಡಿದವಳು ನಾನೇ ಆದ್ದರಿಂದ ಅವರಿಗೂ ಅದೇ ಸರಿ ಅನಿಸಿತು. ಬೀರುವಿನ ಮೇಲಿನ ಹಾಳೆ ಕೆಳಗಿಳಿಸಿ, ಖಾಲಿ ಉಳಿದಿದ್ದ ನನ್ನ ಕಡೆಯಲ್ಲಿ ನಮ್ಮ ಬೀದಿಯ ಹನ್ನೊಂದು ಮನೆಗಳನ್ನು ಬಿಡಿಸಿದರು. ಪ್ರತಿ ಮನೆಯ ಮೇಲೂ ಒಂದು ಹೊಗೆ. ಚೆನ್ನಬಸವನ ಬೆಂಚನ್ನೂ ಮರೆತಿರಲಿಲ್ಲ. ಚೆನ್ನಾಗಿತ್ತು, ಹಾಗಂತ ಅವರಿಗೆ ಹೇಳಿದೆ.

ಆಪರೇಷನ್ ಮೂರು ಗಂಟೆ ಹಿಡಿಯಿತು. ಹೇಳಿದ್ದಕ್ಕಿಂತ ಹೆಚ್ಚು ಅಂಟಿಕೊಂಡಿತ್ತಂತೆ, ಸಿಕ್ಕಿದ್ದನ್ನೆಲ್ಲ ತೆಗೆದಿದ್ದೇವೆ ಎಂದರು ಡಾಕ್ಟರು. ನನ್ನ ಹೊಟ್ಟೆಯ ಮೇಲಿನ ಹೊಲಿಗೆ ನೋಡಿದೆ. ಕೈ ಒಳ್ಳೆಯದು, ನಾನಾಗಿದ್ದರೆ ದಾರ ಇನ್ನೂ ಸ್ವಲ್ಪ ಸಣ್ಣದು ಬಳಸುತ್ತಿದ್ದೆ. ಮನೆಗೆ ಬಂದ ಮೇಲೆ ಒಂದು ತಿಂಗಳು ಅತ್ತೆ ನನ್ನಿಂದ ಬಿಂದಿಗೆ ಎತ್ತಿಸಲಿಲ್ಲ. ತಾವೇ ಕುಂಟಿಕೊಂಡು ಓಡಾಡಿ ದಿನವೂ ನಮ್ಮ ಮನೆಯ ಹಾಲನ್ನು ಒಡೆದುಹಾಕಿದರು. ನಾನು ಮೆಷಿನ್ ಮುಂದೆ ಕೂರುವಷ್ಟಾದ ಮೇಲೆ, ಮೊದಲು ಬಂದ ಹೊಲಿಗೆ ದುಡ್ಡಿನಲ್ಲಿ ಅರ್ಧವನ್ನು ಮಂಡಿಯ ದುಡ್ಡು ಕೂಡಿಡುತ್ತಿದ್ದ ಹಳೆಯ ಡಬ್ಬಿಗೆ ಹಾಕಿದೆ. ಅತ್ತೆ ನೋಡಿದರು.

"ಒಂದು ಮನೆ ನೋವಿಗೆಲ್ಲ ಅಷ್ಟು ದುಡ್ಡು ಯಾಕೆ?"

"ಒಂದು ಮನೆಯಾದ್ರೂ ನೋಯೋದು ನೋಯತ್ತಲ್ಲ ಅತ್ತೆ."

ಅವರು ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿ ಒಳಗಿಟ್ಟರು.

ಎರಡನೆಯ ತಿಂಗಳು, ಆ ದಿನ ಬಂತು. ಬೆಳಿಗ್ಗೆ ನಾನು ಹೇಳಿದ್ದು ಅತ್ತೆಗೊಬ್ಬರಿಗೆ. ಏಳೂವರೆಗೆ ನೋಡಿದರೆ ಇಡೀ ಬೀದಿ ಒಲೆ ಹಚ್ಚಿ ಕೂತಿದೆ. ಎಲ್ಲರ ಮನೆ ಬಾಗಿಲೂ ತೆರೆದಿದೆ, ಎಲ್ಲ ಹೆಂಗಸರೂ ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ನಮ್ಮ ಮನೆಯ ಮೇಲೆ ಇಟ್ಟಿದ್ದಾರೆ. ಚೆನ್ನಬಸವ ಬುದ್ಧಿ ಕಲಿತಿದ್ದ, ಹನ್ನೆರಡನೆಯ ಜಾಗದಿಂದ ಅಲ್ಲಾಡಿರಲಿಲ್ಲ. ಅತ್ತೆ ಆರು ಗಂಟೆಯಿಂದ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ನಿಂತಿದ್ದರು, ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ನೋವಿತ್ತು. ಇತ್ತು, ಆದರೆ ನಾನು ಎದ್ದು ನಿಂತಿದ್ದೆ, ತಲೆ ಬಾಚಿಕೊಂಡಿದ್ದೆ. ಆ ದಿನಗಳಲ್ಲಿ ನೆಟ್ಟಗೆ ನಿಂತರೆ ನಮ್ಮ ಬೀದಿ ಹೇಗೆ ಕಾಣುತ್ತದೆ ಎಂದು ನಾನು ನೋಡಿರಲೇ ಇಲ್ಲ.

ಆ ಕಡೆಯ ತುದಿಯಿಂದ "ನಮ್ಮದು ಉಕ್ಕಿತು" ಎಂದು ದನಿ ಬಂತು. ಈ ಕಡೆಯಿಂದ ಇನ್ನೊಂದು. ಹೀಗೆ ಎರಡೂ ತುದಿಯಿಂದ ನಮ್ಮ ಮನೆಯ ಕಡೆಗೆ ಒಂದೊಂದೇ ಮನೆಯ ಹಾಲು ಉಕ್ಕುತ್ತಾ ಬಂತು. ಲೈನ್‌ಮನ್ ಹೆಂಡತಿ ಬಾಗಿಲಿಗೆ ಬಂದು ತಲೆಯಾಡಿಸಿದಳು, ಅವರದು ಒಡೆದಿತ್ತು. ಮೆಹರುನ್ನೀಸಕ್ಕನದೂ ಒಡೆದಿತ್ತು. ನಮ್ಮದೂ.

"ಮೂರು ಮನೆ" ಎಂದು ಯಾರೋ ಮೆಲ್ಲಗೆ ಹೇಳಿದರು. ಅದು ಸಂತೋಷದ ಸುದ್ದಿಯೋ ಬೇಸರದ್ದೋ ಎಂದು ತಿಳಿಯದೆ ಬೀದಿ ನನ್ನ ಮುಖ ನೋಡುತ್ತಿತ್ತು. ಹನ್ನೊಂದರಿಂದ ಮೂರು. ಎರಡು ಲಕ್ಷ ಎಂಬತ್ತು ಸಾವಿರ. ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳಿಸುವ ಹಾಗೆ, "ಮೂರು ಅಂತ ಯಾರು ಹೇಳಿದ್ದು? ಎರಡು" ಎಂದರು. "ನಮ್ಮನೇದು ನಂದು. ಬೆಳಿಗ್ಗೆ ಆರರಿಂದ ಈ ಮಂಡಿ ಮೇಲೆ ನಿಂತಿದ್ದೀನಿ. ಅವಳ ಲೆಕ್ಕಕ್ಕೆ ಹಾಕಬೇಡಿ."

ಮೆಹರುನ್ನೀಸಕ್ಕ ಮೊದಲು ನಕ್ಕರು, ಆಮೇಲೆ ಬೀದಿಯೇ ನಕ್ಕಿತು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನೂ ನಕ್ಕೆ. ಮೂರೇ ಮನೆಯ ಹಾಲಿಗೆ ಸಿಹಿ ಎಷ್ಟು ಬರುತ್ತದೆ, ಹತ್ತು ಗಂಟೆಗೆ ಬಂದದ್ದು ಒಂದು ಸಣ್ಣ ಬಟ್ಟಲು. ಅತ್ತೆ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತು, ಚಮಚದಿಂದ ಗೀಟು ಹಾಕಿ ಅದನ್ನು ಮೂರು ಪಾಲು ಮಾಡಿದರು. ಎರಡು ಪಾಲನ್ನು ನನ್ನ ತಟ್ಟೆಗೆ ಹಾಕಿ, ಒಂದನ್ನು ತಾವು ಇಟ್ಟುಕೊಂಡರು.